ಐರ್ಲೆಂಡಿನ ಅಟ್ಲಾಂಟಿಕ್ ತೀರದಲ್ಲಿ ಗಂಡ ಹೆಂಡತಿ ಇಬ್ಬರೇ ಕಾರಿನಲ್ಲಿ: ವೀಸಾದಿಂದ ಕೊನೆಯ ಟೋಲ್‌ವರೆಗೆ

ಐರ್ಲೆಂಡಿನ ಪಶ್ಚಿಮದ ಅಂಚಿನಲ್ಲಿ ವೈಲ್ಡ್ ಅಟ್ಲಾಂಟಿಕ್ ವೇ ಅಂತ ಒಂದು ದಾರಿ ಇದೆ. ಉತ್ತರದ ಡೊನೆಗಾಲ್‌ನಿಂದ ದಕ್ಷಿಣದ ಕಿನ್ಸೇಲ್ ಊರಿನವರೆಗೆ ಸುಮಾರು 2,500 ಕಿ.ಮೀ. ಇದೇನೂ ಹೊಸದಾಗಿ ಕಟ್ಟಿದ ಹೈವೇ ಅಲ್ಲ. ಮೊದಲಿಂದಲೂ ಇದ್ದ ಊರ ರಸ್ತೆಗಳನ್ನೇ ಜೋಡಿಸಿ, ನೀಲಿ ಅಲೆಯ ಗುರುತಿರುವ ಬೋರ್ಡ್ ಹಾಕಿ, 2014ರಲ್ಲಿ ಈ ಹೆಸರು ಕೊಟ್ಟರು. ಹಾಗಾಗಿ ಕೆಲವು ಕಡೆ ಒಳ್ಳೆಯ ಅಗಲವಾದ ರಸ್ತೆ ಸಿಗುತ್ತದೆ, ಕೆಲವು ಕಡೆ ಎರಡೂ ಪಕ್ಕ ಕಲ್ಲಿನ ಗೋಡೆ, ನಡುವೆ ಒಂದೇ ಕಾರು ಹೋಗುವಷ್ಟು ಜಾಗ, ಎದುರಿಗೆ ಕುರಿ ಹಿಂಡು.

ಎಲ್ಲರೂ ಮೊದಲು ಕೇಳುವುದು ಒಂದೇ: "ಹತ್ತು ದಿನದಲ್ಲಿ ಪೂರ್ತಿ ಮುಗಿಸಬಹುದಾ?" ಕಿಲೋಮೀಟರ್ ಲೆಕ್ಕದಲ್ಲಿ ಮುಗಿಸಬಹುದು. ಆದರೆ ಮುಗಿಸಬೇಡಿ. ಈ ತೀರದ ಚೆಂದ ಇರುವುದು ಬೆರಳುಗಳ ಹಾಗೆ ಸಮುದ್ರಕ್ಕೆ ಚಾಚಿದ ಪರ್ಯಾಯ ದ್ವೀಪಗಳಲ್ಲಿ. ಪ್ರತಿ ಬೆರಳಿಗೂ ಒಂದು ಪೂರ್ತಿ ದಿನ ಬೇಕು. ನಮ್ಮ ಮರವಂತೆಯಲ್ಲಿ ಸಮುದ್ರ ರಸ್ತೆಯ ಪಕ್ಕದಲ್ಲೇ ಇರುತ್ತದಲ್ವಾ, ಇಲ್ಲಿ ಎಲ್ಲಾ ಕಡೆ ಹಾಗಿಲ್ಲ. ಅರ್ಧ ಗಂಟೆ ಬರೀ ಹೊಲ, ಗೋಡೆ, ಮೋಡ. ಆಮೇಲೆ ಒಂದು ತಿರುವು ದಾಟಿದ ಕೂಡಲೇ ಇಡೀ ಅಟ್ಲಾಂಟಿಕ್ ಎದುರಿಗೆ ಬಂದು ನಿಲ್ಲುತ್ತದೆ. ಆಗ ಕಾರು ನಿಲ್ಲಿಸಿ ಇಳಿಯುವಷ್ಟು ಪುರುಸೊತ್ತು ನಿಮ್ಮ ಹತ್ತಿರ ಇರಬೇಕು. ಅದಕ್ಕೆ ನನ್ನ ಸಲಹೆ ಇಷ್ಟು. ನಾಲ್ಕೇ ಜಾಗ ಆರಿಸಿಕೊಳ್ಳಿ. ಒಂದೊಂದರಲ್ಲಿ ಎರಡು ಮೂರು ರಾತ್ರಿ ಇರಿ. ದಿನಕ್ಕೆ 150 ಕಿ.ಮೀ. ಮೀರಬೇಡಿ. ಡಿಂಗಲ್, ಕ್ಲೇರ್, ಕೊನೆಮಾರಾ, ಅಕಿಲ್: ಹತ್ತು ಹನ್ನೊಂದು ರಾತ್ರಿಗೆ ಈ ನಾಲ್ಕು ಸಾಕು. ಡೊನೆಗಾಲ್ ಬಿಟ್ಟುಹೋಗುತ್ತದೆ ಅಂತ ಬೇಜಾರಾಗುತ್ತದೆ, ಗೊತ್ತು. ಅದು ಇನ್ನೊಂದು ಪ್ರವಾಸಕ್ಕಿರಲಿ.

ಯಾವಾಗ ಹೋಗಬೇಕು

ಮೇ, ಜೂನ್, ಇಲ್ಲಾಂದ್ರೆ ಸೆಪ್ಟೆಂಬರ್. ಜೂನ್ ಕೊನೆಗೆ ಪಶ್ಚಿಮ ತೀರದಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹೊತ್ತಿಗೆ. ಊಟ ಮುಗಿಸಿ ಆರಾಮಾಗಿ ಇನ್ನೊಂದು ಬೀಚ್ ನೋಡಬಹುದು. ಜುಲೈ, ಆಗಸ್ಟ್‌ನಲ್ಲಿ ಜನ ಜಾಸ್ತಿ, ಕಾರಿನ ಬಾಡಿಗೆ ಜಾಸ್ತಿ, ರೂಮು ಸಿಗುವುದು ಕಷ್ಟ. ಚಳಿಗಾಲದಲ್ಲಿ ಹಗಲು ತುಂಬಾ ಚಿಕ್ಕದು, ಬಿರುಗಾಳಿಯೂ ಜಾಸ್ತಿ. ಮೊದಲ ಸಲ ಹೋಗುವವರಿಗೆ ಆ ಹೊತ್ತು ಬೇಡ.

ಕಾಗದ ಪತ್ರ

ಒಂದೇ ವೀಸಾದಲ್ಲಿ ಯೂರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ಗುಂಪಿನೊಳಗೆ ಐರ್ಲೆಂಡ್ ಇಲ್ಲ. ನಿಮ್ಮ ಹತ್ತಿರ ಫ್ರಾನ್ಸ್ ವೀಸಾ ಇದ್ದರೂ ಇಲ್ಲಿ ನಡೆಯುವುದಿಲ್ಲ. ಐರ್ಲೆಂಡಿನದೇ ಶಾರ್ಟ್ ಸ್ಟೇ ಸಿ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಆ ಮೂರು ತಿಂಗಳು ಶುರುವಾದ ವಾರವೇ ಹಾಕಿಬಿಡಿ. ಇಬ್ಬರಿಗೂ ಬೇರೆ ಬೇರೆ ಅರ್ಜಿ. ಜೊತೆಗೆ ಮದುವೆ ಸರ್ಟಿಫಿಕೇಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಕಡೆಯಿಂದ ರಜೆಯ ಪತ್ರ, ದಿನದಿನದ ಪ್ಲಾನ್ ಇಡಿ. ರೂಮುಗಳನ್ನು ಕ್ಯಾನ್ಸಲ್ ಮಾಡಲು ಬರುವ ಹಾಗೆ ಬುಕ್ ಮಾಡಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಹೊಳೆಯುವುದೇ ಇಲ್ಲ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು. ಗಡಿಯಲ್ಲಿ ಗೇಟಿಲ್ಲ, ಚೆಕ್‌ಪೋಸ್ಟ್ ಇಲ್ಲ, ರಸ್ತೆ ಸುಮ್ನೆ ಮುಂದುವರಿಯುತ್ತದೆ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿಗೆ ಬ್ರಿಟನ್ ವೀಸಾ ಬೇಕೇ ಬೇಕು. ಡಬ್ಲಿನ್‌ನಿಂದ ಡೊನೆಗಾಲ್‌ಗೆ ಮ್ಯಾಪ್ ಹಾಕಿದರೆ ಹತ್ತಿರದ ದಾರಿ ಅಂತ ಅದು ಉತ್ತರ ಐರ್ಲೆಂಡ್ ಮೂಲಕವೇ ಕರೆದುಕೊಂಡು ಹೋಗುತ್ತದೆ. ನಿಮ್ಮ ವೀಸಾದ ಮೇಲೆ ಬಿಐವಿಎಸ್ (ಬ್ರಿಟಿಷ್ ಐರಿಷ್ ವೀಸಾ ಸ್ಕೀಮ್) ಅಂತ ಮುದ್ರೆ ಇದ್ದರೆ ಎರಡೂ ಕಡೆ ಓಡಾಡಬಹುದು, ಇಲ್ಲದಿದ್ದರೆ ಸ್ಲೈಗೋ ಕಡೆಯಿಂದ ಸುತ್ತಿಕೊಂಡು ಹೋಗಬೇಕು. ಡೊನೆಗಾಲನ್ನು ಈ ಪ್ಲಾನ್‌ನಿಂದ ಬಿಡಲು ಇದೂ ಒಂದು ಕಾರಣ.

ಪ್ರವಾಸಿಗರು ನಮ್ಮ ಡ್ರೈವಿಂಗ್ ಲೈಸೆನ್ಸ್‌ನಲ್ಲೇ ಅಲ್ಲಿ ಕಾರು ಓಡಿಸಬಹುದು. ಆದರೂ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಕಾರು ಬಾಡಿಗೆಗೆ ಕೊಡುವವರಲ್ಲಿ ಕೆಲವರು ಅದನ್ನು ಕೇಳುತ್ತಾರೆ, ಪೊಲೀಸರಿಗೂ ಓದಲು ಸುಲಭ. ಇಬ್ಬರೂ ಮಾಡಿಸಿಕೊಳ್ಳಿ, ಇದು ಮುಖ್ಯ. ಹತ್ತು ದಿನ ಒಬ್ಬರೇ ಓಡಿಸಿದರೆ ಅವರು ನೋಡುವುದು ರಸ್ತೆಯನ್ನು ಮಾತ್ರ. ಎರಡನೇ ಡ್ರೈವರ್ ಹೆಸರು ಸೇರಿಸಲು ದಿನಕ್ಕೆ ಇಷ್ಟು ಅಂತ ಕೊಡಬೇಕಾಗುತ್ತದೆ. ಇಡೀ ಪ್ರವಾಸದಲ್ಲಿ ನಾನು ಯೋಚನೆ ಮಾಡದೆ ಕೊಡಿ ಅನ್ನುವ ದುಡ್ಡು ಅದು.

ಕಾರು ಎಲ್ಲಿ, ಎಂಥದ್ದು

ವಿಮಾನ ಇಳಿದ ದಿನವೇ ಸ್ಟೇರಿಂಗ್ ಹಿಡಿಯಬೇಡಿ. ಬೆಂಗಳೂರಿನಿಂದ ಡಬ್ಲಿನ್‌ಗೆ ನೇರ ವಿಮಾನ ಇಲ್ಲ. ದುಬೈ, ಅಬುಧಾಬಿ, ದೋಹಾ ಎಲ್ಲಾದರೂ ಬದಲಾಯಿಸಿ ಹೋಗುವಷ್ಟರಲ್ಲಿ ನಿದ್ದೆ ಪೂರ್ತಿ ಕೆಟ್ಟಿರುತ್ತದೆ. ಡಬ್ಲಿನ್‌ನಲ್ಲಿ ಒಂದು ರಾತ್ರಿ ಮಲಗಿ. ಮರುದಿನ ಬಸ್ಸಿನಲ್ಲೋ ರೈಲಿನಲ್ಲೋ ದಕ್ಷಿಣದ ಕಾರ್ಕ್ ನಗರಕ್ಕೆ ಹೋಗಿ. ರೈಲು ಹ್ಯೂಸ್ಟನ್ ಸ್ಟೇಷನ್ನಿಂದ ಹೊರಡುತ್ತದೆ, ಸುಮಾರು ಎರಡೂವರೆ ಗಂಟೆಯ ದಾರಿ. ಕಾರನ್ನು ಅಲ್ಲಿ ತೆಗೆದುಕೊಂಡು ಕೊನೆಗೆ ಡಬ್ಲಿನ್ ಏರ್‌ಪೋರ್ಟ್‌ನಲ್ಲಿ ಬಿಡಿ. ಬೇರೆ ಊರಲ್ಲಿ ಬಿಟ್ಟರೆ ಹೆಚ್ಚಿಗೆ ಶುಲ್ಕ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಕಾರು ಆದಷ್ಟು ಚಿಕ್ಕದಿರಲಿ. ಎಸ್‌ಯುವಿ ಆಸೆ ಬಿಡಿ. ಇಬ್ಬರೇ, ಎರಡು ಸೂಟ್‌ಕೇಸ್, ಸ್ವಿಫ್ಟ್ ಅಳತೆಯ ಕಾರು ಧಾರಾಳ. ಎದುರಿಂದ ಟ್ರ್ಯಾಕ್ಟರ್ ಬಂದಾಗ ಗೋಡೆಗೆ ತಾಗದ ಹಾಗೆ ಸರಿಯುವುದಕ್ಕೆ ಆ ಅರ್ಧ ಅಡಿಯೇ ಮುಖ್ಯವಾಗುತ್ತದೆ. ಗೇರಿನ ಕಾರು ಓಡಿಸಿ ಅಭ್ಯಾಸ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಆಟೋಮ್ಯಾಟಿಕ್‌ಗೆ ಬಾಡಿಗೆ ಜಾಸ್ತಿ, ಬೇಗ ಖಾಲಿಯೂ ಆಗುತ್ತದೆ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಗಮನ ಕೊಡಿ. ಬಾಡಿಗೆಯಲ್ಲಿ ಸೇರಿರುವ ವಿಮೆಯಲ್ಲಿ ಡ್ಯಾಮೇಜಿನ ಮೊದಲ ಪಾಲು ನಿಮ್ಮದೇ. ಅದು ಸಾವಿರ ಯೂರೊ ಮೇಲೆಯೇ ಇರುತ್ತದೆ. ಅಷ್ಟು ಮೊತ್ತವನ್ನು ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡ್‌ನಲ್ಲಿ ತಡೆ ಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಹೆಚ್ಚಿನ ಕಡೆ ನಡೆಯುವುದಿಲ್ಲ. ಟೈರು, ಗಾಜು, ಕಾರಿನ ತಳಭಾಗ ಬಹಳ ಸಲ ವಿಮೆಯ ಹೊರಗೇ ಇರುತ್ತವೆ, ಮತ್ತು ಈ ರಸ್ತೆಗಳಲ್ಲಿ ಪೆಟ್ಟು ಬೀಳುವುದು ಅವಕ್ಕೇ. ಕಾರು ಕೈಗೆ ಬಂದ ಕೂಡಲೇ ಸುತ್ತ ನಡೆದು ವಿಡಿಯೋ ಮಾಡಿ. ನಾಲ್ಕೂ ಚಕ್ರದ ರಿಮ್ಮು, ಎಡಗಡೆಯ ಕನ್ನಡಿ, ಬಂಪರಿನ ಕೆಳಭಾಗ. ಮಳೆ ಬರುತ್ತಿದ್ದರೂ ಮಾಡಿ.

ಪೆಟ್ರೋಲ್ ನೀವೇ ಹಾಕಿಕೊಳ್ಳಬೇಕು. ಹಸಿರು ಹಿಡಿಕೆ ಪೆಟ್ರೋಲ್, ಕಪ್ಪು ಡೀಸೆಲ್. ಮುಚ್ಚಳದ ಮೇಲೆ ಬರೆದಿರುವುದನ್ನು ಇಬ್ಬರೂ ಓದಿ ಆಮೇಲೆ ಹಾಕಿ. ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಚಿಕ್ಕ ಊರಿನ ಬಂಕುಗಳು ರಾತ್ರಿ ಬೇಗ ಮುಚ್ಚುತ್ತವೆ.

ರಸ್ತೆಯ ರೀತಿ ನೀತಿ

ನಮ್ಮ ಹಾಗೇ ಎಡಗಡೆ. ಸ್ಟೇರಿಂಗ್ ಬಲಗಡೆ. ಇದು ನಮಗೆ ದೊಡ್ಡ ಅನುಕೂಲ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಓಡಿಸಿದವರಿಗೆ ತಿರುವು, ಏರು ಯಾವುದೂ ಹೊಸದಲ್ಲ. ಹೊಸದು ಇರುವುದು ಬೇರೆ ಕಡೆ. ತಿರುವಿನಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಹಾಗಾಗಿ ನಿಮಗೆ ಕಾಣುವಷ್ಟು ದೂರದಲ್ಲಿ ನಿಲ್ಲಿಸಲು ಆಗುವ ವೇಗದಲ್ಲೇ ಹೋಗಬೇಕು. ರೌಂಡ್‌ಅಬೌಟ್‌ನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಲೇಬೇಕು, ಮೂತಿ ತೂರಿಸುವ ನಮ್ಮ ಅಭ್ಯಾಸ ಅಲ್ಲಿ ಅಪಾಯ.

ಮೋಟಾರ್‌ವೇಯಲ್ಲಿ ಗಂಟೆಗೆ 120 ಕಿ.ಮೀ., ಒಳ ರಸ್ತೆಗಳಲ್ಲಿ 80. ಹಳ್ಳಿಗಳ ಸಣ್ಣ ರಸ್ತೆಗಳಿಗೆ 2025ರ ಫೆಬ್ರವರಿಯಿಂದ 60. ಇದು ಮಿತಿ, ಗುರಿ ಅಲ್ಲ. ಡಿಂಗಲ್ ತುದಿಯಲ್ಲಿ 30 ದಾಟಲು ಆಗದ ಜಾಗಗಳೇ ಹೆಚ್ಚು. ಮ್ಯಾಪ್ ತೋರಿಸಿದ ಸಮಯಕ್ಕೆ ಅದರ ಅರ್ಧದಷ್ಟು ಸೇರಿಸಿಕೊಳ್ಳಿ.

ಒಂಟಿ ರಸ್ತೆಯಲ್ಲಿ ಅಲ್ಲಲ್ಲಿ ಸರಿದು ನಿಲ್ಲಲು ಜಾಗ ಮಾಡಿರುತ್ತಾರೆ. ಎದುರು ಗಾಡಿ ಬಂದರೆ ಆ ಜಾಗ ಯಾರಿಗೆ ಹತ್ತಿರವೋ ಅವರು ನಿಲ್ಲಬೇಕು. ದಾಟುವಾಗ ಅಲ್ಲಿನವರು ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ನೀವೂ ಎತ್ತಿ. ಆ ಜಾಗದಲ್ಲಿ ಫೋಟೋಗೆ ಅಂತ ಪಾರ್ಕ್ ಮಾಡಬೇಡಿ. ಹಿಂದೆ ಲೋಕಲ್ ಗಾಡಿ ಬಂದರೆ ಎಡಕ್ಕೆ ಸರಿದು ಬಿಟ್ಟುಬಿಡಿ, ಅವರಿಗೆ ಕೆಲಸ ಇದೆ, ನಿಮಗೆ ರಜೆ. ಒಂದು ಗ್ಲಾಸ್ ಬಿಯರ್ ಕುಡಿದರೂ ಆ ದಿನ ಸ್ಟೇರಿಂಗ್ ಇನ್ನೊಬ್ಬರ ಕೈಗೆ. ಕಾನೂನು ಬಿಗಿ, ರಸ್ತೆಯೂ ಬಿಗಿ.

ವಿಳಾಸ ಹುಡುಕಲು ಏರ್‌ಕೋಡ್ ಕೇಳಿ. ಅಲ್ಲಿ ಪ್ರತಿ ಮನೆಗೂ ಏಳು ಅಕ್ಷರ ಅಂಕಿಗಳ ಒಂದು ಕೋಡ್ ಇದೆ. ಬೀದಿ ಹೆಸರೇ ಇಲ್ಲದ ಹಳ್ಳಿಯಲ್ಲಿ ಅದನ್ನು ಹಾಕಿದರೆ ಸೀದಾ ಬಾಗಿಲಿಗೆ ತಲುಪುತ್ತೀರಿ. ಮ್ಯಾಪ್ ಆಫ್‌ಲೈನ್ ಇಳಿಸಿಕೊಂಡಿರಿ. ಐರಿಷ್ ಮಾತಾಡುವ ಪ್ರದೇಶಗಳಲ್ಲಿ ಬೋರ್ಡ್‌ಗಳೂ ಐರಿಷ್‌ನಲ್ಲೇ ಇರುತ್ತವೆ, ಮ್ಯಾಪಿನ ಹೆಸರಿಗೂ ಅದಕ್ಕೂ ತಾಳೆ ಆಗುವುದಿಲ್ಲ. ಹೋಗುವ ಊರಿನ ಎರಡೂ ಹೆಸರು ಬರೆದಿಟ್ಟುಕೊಳ್ಳಿ.

ದಕ್ಷಿಣದಿಂದ ಉತ್ತರಕ್ಕೆ ಹೋಗಿ

ಸಮುದ್ರ ಪಶ್ಚಿಮದಲ್ಲಿದೆ, ನೀವು ಎಡಗಡೆ ಓಡಿಸುತ್ತೀರಿ. ಉತ್ತರಕ್ಕೆ ಮುಖ ಮಾಡಿ ಹೋದರೆ ಸಮುದ್ರ ನಿಮ್ಮ ಪಕ್ಕದಲ್ಲೇ ಇರುತ್ತದೆ. ನಿಲ್ಲಿಸುವ ಜಾಗಗಳೂ ಎಡಕ್ಕೇ ಸಿಗುತ್ತವೆ, ಎದುರು ಗಾಡಿಗಳನ್ನು ಕತ್ತರಿಸಿ ದಾಟಬೇಕಾಗಿಲ್ಲ. ಪರ್ಯಾಯ ದ್ವೀಪ ಸುತ್ತುವಾಗಲೂ ಇದೇ ಲೆಕ್ಕ: ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿದರೆ ನೀರು ಎಡಕ್ಕೆ.

ಡಿಂಗಲ್‌ಗೆ ಮೂರು ರಾತ್ರಿ. ಡಿಂಗಲ್ ಊರಿನಿಂದ ಹೊರಟು ಅಲ್ಲಿಗೇ ಬರುವ ಸ್ಲೇ ಹೆಡ್ ದಾರಿ ಸುಮಾರು 47 ಕಿ.ಮೀ. ಇಷ್ಟಕ್ಕೆ ಒಂದು ದಿನ ಪೂರ್ತಿ ಇಡಿ. ಬೆಳಿಗ್ಗೆ ಒಂಬತ್ತರೊಳಗೆ ಹೊರಟರೆ ಟೂರಿಸ್ಟ್ ಬಸ್ಸುಗಳಿಗಿಂತ ಮುಂದೆ ಇರುತ್ತೀರಿ. ಫಹಾನ್ ಹತ್ತಿರ ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಜೇನುಗೂಡಿನ ಆಕಾರದ ಗುಡಿಸಲುಗಳಿವೆ. ಮುಂದೆ ಒಂದು ಕಡೆ ಹಳ್ಳವೇ ರಸ್ತೆಯ ಮೇಲೆ ಹರಿದು ಹೋಗುತ್ತದೆ, ನಿಧಾನಕ್ಕೆ ದಾಟಿ. ಕುಮಿನೂಲ್ ಬೀಚ್ ಮೇಲೆ ನಿಂತರೆ ಎದುರಿಗೆ ಬ್ಲಾಸ್ಕೆಟ್ ದ್ವೀಪಗಳು. ದೊಡ್ಡ ದ್ವೀಪದಲ್ಲಿ ಉಳಿದಿದ್ದ ಬೆರಳೆಣಿಕೆಯ ಜನರನ್ನು 1953ರಲ್ಲಿ ಸರ್ಕಾರ ಈಚೆ ದಡಕ್ಕೆ ಕರೆತಂದಿತು. ಕೆಟ್ಟ ಹವೆಯಲ್ಲಿ ವಾರಗಟ್ಟಲೆ ಡಾಕ್ಟರೂ ಇಲ್ಲ, ಊಟದ ಸಾಮಾನೂ ಇಲ್ಲ ಅನ್ನುವ ಬದುಕು ಅವರದಾಗಿತ್ತು. ಅವರು ದೋಣಿ ಹತ್ತಿ ಇಳಿಯುತ್ತಿದ್ದ ಡನ್‌ಕ್ವಿನ್ ಕಟ್ಟೆ ಹತ್ತಿರದಲ್ಲೇ ಇದೆ. ಬಂಡೆಯ ಮೈಮೇಲೆ ಹಾವಿನಂತೆ ಇಳಿಯುವ ಕಾಲುದಾರಿ, ಕೆಳಗೆ ಹಸಿರು ನೀರು. ಅದು ರಸ್ತೆ ಅಂದುಕೊಂಡು ಕಾರು ಇಳಿಸಿದವರಿದ್ದಾರೆ, ತಿರುಗಿಸಲು ಜಾಗವೇ ಇಲ್ಲ. ಮೇಲೇ ನಿಲ್ಲಿಸಿ ನಡೆಯಿರಿ.

ಕಾನರ್ ಪಾಸ್ ಕೂಡ ಇಲ್ಲೇ ಇದೆ, ಸಮುದ್ರ ಮಟ್ಟದಿಂದ 400 ಮೀಟರ್‌ಗಿಂತ ಮೇಲೆ. ಮೋಡ ಕೆಳಗಿಳಿದಿದ್ದರೆ ಹೋಗಬೇಡಿ, ಏನೂ ಕಾಣುವುದಿಲ್ಲ, ಭಯ ಮಾತ್ರ ಉಳಿಯುತ್ತದೆ. ಬಿಸಿಲಿದ್ದರೆ ತಪ್ಪಿಸಬೇಡಿ.

ಡಿಂಗಲ್‌ನಿಂದ ಕ್ಲೇರ್‌ಗೆ ಹೋಗುವಾಗ ಲಿಮರಿಕ್ ಸುತ್ತಿಕೊಂಡು ಹೋಗಬೇಕಾಗಿಲ್ಲ. ಟಾರ್ಬರ್ಟ್‌ನಿಂದ ಕಿಲಿಮರ್‌ಗೆ ಶ್ಯಾನನ್ ನದಿ ದಾಟಿಸುವ ಫೆರ್ರಿ ಇದೆ. ಕಾರನ್ನೇ ಹತ್ತಿಸಿಕೊಂಡು 20 ನಿಮಿಷದಲ್ಲಿ ಆಚೆ ದಡ. ನೂರು ಕಿ.ಮೀ.ಗಿಂತ ಜಾಸ್ತಿ ಉಳಿಯುತ್ತದೆ.

ಕ್ಲೇರ್‌ನಲ್ಲಿ ಎರಡು ರಾತ್ರಿ ಸಾಕು. ಡೂಲಿನ್‌ನಲ್ಲಿ ಉಳಿಯಿರಿ. ಮೊಹರ್ ಬಂಡೆಗಳು ಎಲ್ಲರಿಗೂ ಗೊತ್ತು, ಎತ್ತರದ ಜಾಗದಲ್ಲಿ 214 ಮೀಟರ್ ನೇರ ಗೋಡೆ. ಮಧ್ಯಾಹ್ನ ಜಾತ್ರೆ ಇರುತ್ತದೆ, ಸಂಜೆ ಹೋಗಿ. ಟಿಕೆಟ್ ಆನ್‌ಲೈನ್ ತೆಗೆದುಕೊಂಡರೆ ಒಳ್ಳೆಯದು. ಬಂಡೆ ಮೇಲಿನ ಕಾಲುದಾರಿಯಲ್ಲಿ ಯಾವ ಭಾಗ ತೆರೆದಿದೆ ಅಂತ ಅಲ್ಲೇ ಕೇಳಿ, ಬೇಲಿ ಹಾಕಿದ ಕಡೆ ಕಾಲಿಡಬೇಡಿ. ಮೇ, ಜೂನ್‌ನಲ್ಲಿ ಕಿತ್ತಳೆ ಕೊಕ್ಕಿನ ಪಫಿನ್ ಹಕ್ಕಿ ಗೂಡು ಕಟ್ಟಿರುತ್ತವೆ, ದುರ್ಬೀನು ಇದ್ದರೆ ಒಯ್ಯಿರಿ. ಆದರೆ ನನಗೆ ಮೊಹರ್‌ಗಿಂತ ಇಷ್ಟವಾಗುವುದು ಅದರ ಮುಂದಿನ ದಾರಿ. ಡೂಲಿನ್‌ನಿಂದ ಫನೋರ್, ಬ್ಲ್ಯಾಕ್ ಹೆಡ್ ಸುತ್ತಿ ಬಾಲಿವಾನ್‌ಗೆ ಹೋಗುವ ಆರ್477 ರಸ್ತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬರೆನ್ ಅನ್ನುವ ಬೂದು ಸುಣ್ಣದಕಲ್ಲಿನ ಬಯಲು. ಇಳಿದು ಕಲ್ಲಿನ ಮೇಲೆ ನಡೆಯಿರಿ, ಬಿರುಕುಗಳೊಳಗೆ ಬಗ್ಗಿ ನೋಡಿ. ಮೇಲೆ ಹುಲ್ಲೂ ಇಲ್ಲದ ಕಲ್ಲಿನ ಸಂದಿಯಲ್ಲಿ ಜರಿಗಿಡ, ಮೇ ತಿಂಗಳಲ್ಲಾದರೆ ಕಡು ನೀಲಿಯ ಜೆಂಷನ್ ಹೂವು.

ಗಾಲ್ವೆ ದಾಟಿದರೆ ಕೊನೆಮಾರಾ. ಮೂರು ರಾತ್ರಿ ಕ್ಲಿಫ್ಡೆನ್‌ನಲ್ಲಿ. ನೇರ ಎನ್59 ಹಿಡಿಯದೆ ರೌಂಡ್‌ಸ್ಟೋನ್ ಕಡೆ ತಿರುಗಿ. ಅಲ್ಲಿನ ಡಾಗ್ಸ್ ಬೇ ಬೀಚಿನ ಮರಳು ಬಿಳಿ. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿ, ಬಹುಪಾಲು ಕಲ್ಲಿನ ಪುಡಿಯಲ್ಲ, ಸಮುದ್ರದ ಸೂಕ್ಷ್ಮ ಜೀವಿಗಳ ಚಿಪ್ಪು. ಅಲ್ಲಿಂದ ಕ್ಲಿಫ್ಡೆನ್‌ಗೆ ಹೋಗುವಾಗ ಡೆರಿಗಿಮ್ಲಾ ಜೌಗು ಸಿಗುತ್ತದೆ. 1907ರಲ್ಲಿ ಮಾರ್ಕೋನಿ ಇಲ್ಲಿಂದಲೇ ಅಟ್ಲಾಂಟಿಕ್ ಆಚೆಗೆ ವೈರ್‌ಲೆಸ್ ಸೇವೆ ಶುರು ಮಾಡಿದ್ದು. 1919ರ ಜೂನ್ 15ರಂದು ಆಲ್ಕಾಕ್, ಬ್ರೌನ್ ಅನ್ನುವ ಇಬ್ಬರು, ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ ಮೊದಲ ವಿಮಾನವನ್ನು ಹಸಿರು ಹೊಲ ಅಂದುಕೊಂಡು ಈ ಜೌಗಿನ ಮೇಲೆ ಇಳಿಸಿದರು, ಮೂತಿ ಕೆಸರಲ್ಲಿ ಹೂತುಕೊಂಡಿತು, ಇಬ್ಬರೂ ಬದುಕಿದರು. ಸುಮಾರು 5 ಕಿ.ಮೀ. ಸುತ್ತಿನ ನಡಿಗೆ ದಾರಿ ಇದೆ.

ನಮ್ಮ ಕಡೆಯವರಿಗೆ ಇಲ್ಲಿ ಇನ್ನೊಂದು ಕುತೂಹಲ. ರಣಜಿ ಟ್ರೋಫಿಗೆ ಹೆಸರು ಕೊಟ್ಟ ರಣಜಿತ್‌ಸಿನ್ಹಜಿ 1920ರ ದಶಕದಲ್ಲಿ ಹತ್ತಿರದ ಬಾಲಿನಹಿಂಚ್ ಕೋಟೆಯನ್ನು ಕೊಂಡು ಬೇಸಿಗೆಯಲ್ಲಿ ಮೀನು ಹಿಡಿಯಲು ಬರುತ್ತಿದ್ದರು. ಈಗ ಅದು ಹೋಟೆಲ್.

ಸಂಜೆಗೆ ಸ್ಕೈ ರೋಡ್ ಇಟ್ಟುಕೊಳ್ಳಿ. ಮೇಲಿನ ರಸ್ತೆ, ಕೆಳಗಿನ ರಸ್ತೆ ಅಂತ ಎರಡಾಗುತ್ತದೆ, ಮೇಲಿನದನ್ನು ಹಿಡಿಯಿರಿ. ಕೊನೆಮಾರಾದಿಂದ ಹೊರಡುವ ದಿನ ಲೀನೇನ್‌ನಿಂದ ಆರ್335 ರಸ್ತೆಯಲ್ಲಿ ಡೂಲಾಕ್ ಕಣಿವೆ ದಾಟಿ. ಎರಡು ಕಡೆ ಬೆಟ್ಟ, ನಡುವೆ ಕಪ್ಪು ಸರೋವರ. ದಾರಿ ಬದಿಯಲ್ಲಿ ಒಂದು ಕಲ್ಲಿನ ಶಿಲುಬೆ ಇದೆ. ಆಲೂಗಡ್ಡೆ ಕ್ಷಾಮದ ಕಾಲದಲ್ಲಿ, 1849ರ ಮಾರ್ಚ್‌ನಲ್ಲಿ, ಪರಿಹಾರ ಬೇಕಿದ್ದರೆ ಅಧಿಕಾರಿಗಳ ಮುಂದೆ ಬಂದು ನಿಲ್ಲಿ ಅಂತ ಹಸಿದ ಜನರನ್ನು ಲೂಯಿಸ್‌ಬರ್ಗ್‌ನಿಂದ ಈ ಕಣಿವೆಯಲ್ಲಿ ನಡೆಸಿದರು. ಏನೂ ಸಿಗದೆ ಹಿಂತಿರುಗುವಾಗ ದಾರಿಯಲ್ಲೇ ಸತ್ತವರ ನೆನಪಿಗೆ ಆ ಕಲ್ಲು. ಬರೀ ವ್ಯೂಪಾಯಿಂಟ್ ಅಂತ ಫೋಟೋ ತೆಗೆದು ಹೋಗಿಬಿಡುತ್ತಾರೆ ಜನ. ಎರಡು ನಿಮಿಷ ಇಳಿದು ನಿಲ್ಲಿ.

ಕೊನೆಗೆ ಅಕಿಲ್, ಎರಡು ರಾತ್ರಿ. ದ್ವೀಪವೇ ಆದರೂ ಸೇತುವೆ ಇದೆ. ರಸ್ತೆ ಮುಗಿಯುವ ಕಡೆ ಕೀಮ್ ಬೀಚ್. ಅಲ್ಲಿಗಿಳಿಯುವ ಕೊನೆಯ ತುಣುಕು ಬೆಟ್ಟದ ಮೈಗೆ ಅಂಟಿಕೊಂಡಿದೆ, ಒಂದು ಪಕ್ಕ ಪ್ರಪಾತ. ಗಾಳಿ ಜೋರಿರುವ ದಿನ ಬೇಡ. ಇಬ್ಬರಲ್ಲಿ ಯಾರಿಗೆ ಎತ್ತರದ ಭಯವೋ ಅವರು ಸ್ಟೇರಿಂಗ್ ಹಿಡಿಯದಿದ್ದರೆ ಒಳ್ಳೆಯದು. ಕೆಳಗೆ ಕುದುರೆ ಲಾಳದ ಆಕಾರದ ಕೊಲ್ಲಿ, ಬಿಸಿಲಿದ್ದರೆ ನೀರು ತಿಳಿ ನೀಲಿ. ಒಂದು ಕಾಲದಲ್ಲಿ ಇಲ್ಲಿ ಬಾಸ್ಕಿಂಗ್ ಶಾರ್ಕ್ ಬೇಟೆ ನಡೆಯುತ್ತಿತ್ತು, ಈಗ ಅದೃಷ್ಟ ಇದ್ದರೆ ಅವುಗಳ ಬೆನ್ನಿನ ರೆಕ್ಕೆ ಕಾಣುತ್ತದೆ. ಮನುಷ್ಯರಿಗೆ ಏನೂ ಮಾಡದ, ಬಾಯಿ ತೆರೆದುಕೊಂಡು ಸಣ್ಣ ಜೀವಿ ಸೋಸಿ ತಿನ್ನುವ ದೊಡ್ಡ ಮೀನು.

ಊಟ, ಹಾಸಿಗೆ

ರೂಮಿಗೆ ಬಿ ಅಂಡ್ ಬಿ, ಅಂದರೆ ಹಾಸಿಗೆಯ ಜೊತೆ ಬೆಳಗಿನ ತಿಂಡಿಯನ್ನೂ ಕೊಡುವ ಮನೆ, ಚೆನ್ನಾಗಿರುತ್ತದೆ. ಮನೆಯವರೇ ನಡೆಸುತ್ತಾರೆ, ನಾಳೆ ಗಾಳಿ ಎಲ್ಲಿ ಜೋರು ಅಂತ ಅವರಷ್ಟು ಸರಿಯಾಗಿ ಯಾವ ಆ್ಯಪೂ ಹೇಳುವುದಿಲ್ಲ. ಬೆಳಗಿನ ತಿಂಡಿಯಲ್ಲಿ ಮಾಂಸವೇ ಮುಖ್ಯ. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿದರೆ ಪಾರಿಜ್ (ಓಟ್ಸ್ ಗಂಜಿ), ಅಣಬೆ, ಬೀನ್ಸ್, ಟೋಸ್ಟ್ ಕೊಡುತ್ತಾರೆ. ತರಕಾರಿ ಸೂಪ್ ಅಂತ ಬರೆದಿದ್ದರೂ ಚಿಕನ್ ಬೇಯಿಸಿದ ನೀರು ಹಾಕಿದ್ದೀರಾ ಅಂತ ಕೇಳಿ. ಪಬ್‌ಗಳ ಅಡುಗೆಮನೆ ರಾತ್ರಿ ಎಂಟೂವರೆ ಒಂಬತ್ತಕ್ಕೆ ಮುಚ್ಚುತ್ತದೆ. ಹೊರಗೆ ಇನ್ನೂ ಬೆಳಕಿರುವುದರಿಂದ ಹೊತ್ತಾಗಿದ್ದೇ ಗೊತ್ತಾಗುವುದಿಲ್ಲ, ಏಳಕ್ಕೇ ಕೂತುಬಿಡಿ. ಕೊನೆಮಾರಾದಲ್ಲಿ ಅಡುಗೆಮನೆ ಇರುವ ಮನೆ ಹಿಡಿದರೆ ಅನ್ನ ಸಾರಿಗೆ ಬರವಿಲ್ಲ. ಸಾರಿನ ಪುಡಿ, ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಧಾರವಾಡ ಪೇಡ, ಹಾಲಿನ ಯಾವ ತಿಂಡಿಯೂ ಬೇಡ. ಯೂರೋಪಿಯನ್ ಒಕ್ಕೂಟದ ಒಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಚಾರ್ಜರ್‌ಗೆ ಬ್ರಿಟನ್ನಿನ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು.

ಗಾಳಿ, ಮಳೆ, ಅಲೆ

ಕೊಡೆ ಒಯ್ಯಬೇಡಿ, ಮೊದಲ ದಿನವೇ ಮುರಿಯುತ್ತದೆ. ಟೋಪಿ ಇರುವ ಮಳೆ ಜಾಕೆಟ್, ಮಳೆ ಪ್ಯಾಂಟ್, ಒಳಗೆ ಪದರ ಪದರವಾಗಿ ಬಟ್ಟೆ, ನೀರಿಳಿಯದ ಶೂ. ಒಂದೇ ದಿನದಲ್ಲಿ ಬಿಸಿಲು, ಮಳೆ, ಮಂಜು ಮೂರೂ ಬರುತ್ತವೆ. ಮಳೆ ಅಂತ ರೂಮಲ್ಲಿ ಕೂರಬೇಡಿ, ಅರ್ಧ ಗಂಟೆ ಕಾರಲ್ಲೇ ಕಾಯಿರಿ. ದಿನಾ ಬೆಳಿಗ್ಗೆ ಅಲ್ಲಿನ ಹವಾಮಾನ ಇಲಾಖೆ ಮೆಟ್ ಏರನ್ ಕೊಡುವ ಎಚ್ಚರಿಕೆ ನೋಡಿ. ಹಳದಿ ಇದ್ದರೆ ಜಾಗ್ರತೆ, ಕಿತ್ತಳೆ ಅಥವಾ ಕೆಂಪು ಇದ್ದರೆ ಕಾರು ತೆಗೆಯಲೇಬೇಡಿ.

ಬಂಡೆಯ ಅಂಚಿನ ಹುಲ್ಲಿನ ಕೆಳಗೆ ನೆಲ ಇರಬೇಕು ಅಂತೇನಿಲ್ಲ. ಗಾಳಿ ಒಮ್ಮೆಲೇ ಬೀಸುತ್ತದೆ, ಒಮ್ಮೆಲೇ ನಿಲ್ಲುತ್ತದೆ, ಅದಕ್ಕೆ ಒರಗಿ ನಿಂತವರು ಗಾಳಿ ನಿಂತಾಗಲೇ ಮುಗ್ಗರಿಸುವುದು. ಸೆಲ್ಫಿಗೆ ಅಂತ ಸಮುದ್ರಕ್ಕೆ ಬೆನ್ನು ಹಾಕಿ ಹಿಂದೆ ಹೆಜ್ಜೆ ಇಡಬೇಡಿ, ಒದ್ದೆ ಬಂಡೆಗೆ ಇಳಿಯಬೇಡಿ. ಮರಳಿನ ಮೇಲೆ ಕಾರು ನಿಲ್ಲಿಸಬೇಡಿ, ಉಬ್ಬರ ಬಂದರೆ ಕಾರು ಹೋಯಿತು. ಕ್ಲಿಫ್ಡೆನ್ ಹತ್ತಿರದ ಓಮಿ ದ್ವೀಪಕ್ಕೆ ಇಳಿತದಲ್ಲಿ ಮರಳಿನ ಮೇಲೇ ಹೋಗಬಹುದು, ಉಬ್ಬರದ ಸಮಯ ಊರವರನ್ನು ಕೇಳಿ, ಒಂದು ಗಂಟೆ ಮೊದಲೇ ಈಚೆ ಬನ್ನಿ. ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ 112ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡ್ ಅಂತ ಕೇಳಬೇಕು, ಹಿಂದೆ ಹಾರಬಾರದು. ವ್ಯೂಪಾಯಿಂಟ್‌ನಲ್ಲಿ ಕಾರು ಬಿಟ್ಟು ಹೋಗುವಾಗ ಪಾಸ್‌ಪೋರ್ಟ್ ಮೈಮೇಲೇ ಇರಲಿ, ಸೀಟಿನ ಮೇಲೆ ಬ್ಯಾಗ್ ಕಾಣುವ ಹಾಗೆ ಇಡಬೇಡಿ.

ವಾಪಸ್ ಬರುವ ದಿನ

ಅಕಿಲ್‌ನಿಂದ ಡಬ್ಲಿನ್ ಏರ್‌ಪೋರ್ಟ್ ನಾಲ್ಕು ಗಂಟೆಗಿಂತ ಜಾಸ್ತಿ. ವಿಮಾನ ಬೆಳಿಗ್ಗೆ ಇದ್ದರೆ ಹಿಂದಿನ ದಿನವೇ ಬಂದುಬಿಡಿ. ದಾರಿಯಲ್ಲಿನ ಸಾಮಾನ್ಯ ಟೋಲ್‌ಗಳಲ್ಲಿ ಬೂತ್ ಇದೆ, ನಿಲ್ಲಿಸಿ ಕೊಡಬಹುದು. ಆದರೆ ಡಬ್ಲಿನ್ ಸುತ್ತುವ ಎಂ50ಯಲ್ಲಿ ಬೂತೂ ಇಲ್ಲ, ಗೇಟೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ ಅಷ್ಟೇ. ಪಶ್ಚಿಮದಿಂದ ಏರ್‌ಪೋರ್ಟ್‌ಗೆ ಬರುವವರು ಅದನ್ನು ದಾಟಿಯೇ ಬರುತ್ತಾರೆ. ಆ ದುಡ್ಡನ್ನು ಮರುದಿನ ರಾತ್ರಿ ಎಂಟರೊಳಗೆ ಆನ್‌ಲೈನ್ ಕಟ್ಟಬೇಕು, ಇಲ್ಲದಿದ್ದರೆ ದಂಡ. ಕಾರು ಕೊಟ್ಟವರೇ ಕಟ್ಟುತ್ತಾರಾ, ನೀವು ಕಟ್ಟಬೇಕಾ ಅಂತ ಕಾರು ತೆಗೆದುಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಟ್ಯಾಂಕ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ಕಾರು ಬಿಡುವಾಗ ಮತ್ತೊಮ್ಮೆ ಸುತ್ತ ವಿಡಿಯೋ ಮಾಡಿ, ತಡೆ ಹಿಡಿದ ಡೆಪಾಸಿಟ್ ಕಾರ್ಡಿಗೆ ವಾಪಸ್ ಬರುವವರೆಗೆ ಅದನ್ನು ಅಳಿಸಬೇಡಿ.